ಸೆಲ್ಫ್ ಏನು ಹೇಳುತ್ತಿದೆ? ಕೇಳೋಣ ಬನ್ನಿ

ಕೀಲಿ ತಿರುಗಿಸುತ್ತೇವೆ. "ಟಿಕ್ ಟಿಕ್ ಟಿಕ್" ಎಂದು ಸದ್ದು ಬರುತ್ತದೆ. ಎಂಜಿನ್ ಏಳುವುದಿಲ್ಲ. ಮತ್ತೆ ತಿರುಗಿಸುತ್ತೇವೆ. ಮತ್ತೆ ಅದೇ ಸದ್ದು.

ಸುತ್ತ ನಾಲ್ಕು ಜನ ಸೇರುತ್ತಾರೆ. "ಸೆಲ್ಫ್ ಹೋಗೈತೆ, ಹೊಸಾದು ಹಾಕ್ಸು" ಅನ್ನುತ್ತಾರೆ ಒಬ್ಬರು. "ಬ್ಯಾಟರಿ ಹೋಗೈತೆ" ಅನ್ನುತ್ತಾರೆ ಇನ್ನೊಬ್ಬರು. "ತಳ್ರೋ ತಳ್ರೋ" ಅನ್ನುತ್ತಾರೆ ಮತ್ತೊಬ್ಬರು. ಯಾರ ಮಾತು ಸರಿ? ನೋಡದೆ ಹೇಳಿದರೆ ಯಾರ ಮಾತೂ ಸರಿ ಅಲ್ಲ. ಆ ಸದ್ದನ್ನೇ ಕೇಳಬೇಕು. ಏನು ಕೆಟ್ಟಿದೆ ಎಂದು ಅದೇ ಹೇಳುತ್ತದೆ.

ನಮ್ಮ ಹದಡಿಯಲ್ಲಿ ಈಗ ಕಾರು, ವ್ಯಾನು, ಸಣ್ಣ ಲಾರಿ ಬಹಳ ಇವೆ. ಸುತ್ತಲಿನ ಹಳ್ಳಿಗಳಲ್ಲಿಯೂ ಇವೆ. ಭತ್ತ, ಮೆಕ್ಕೆಜೋಳ, ಅಡಿಕೆ, ತರಕಾರಿ, ಹಾಲು ಎಲ್ಲವೂ ಗಾಡಿಯ ಮೇಲೆ ಹೋಗಬೇಕು. ಹದಡಿ ರಸ್ತೆ ಹಿಡಿದು ದಾವಣಗೆರೆ ಮುಟ್ಟಬೇಕು. ಬೆಳಗಿನ ಜಾವ ಗಾಡಿ ಏಳಲಿಲ್ಲ ಅಂದರೆ ತರಕಾರಿ ಬಾಡುತ್ತದೆ. ಮಾರುಕಟ್ಟೆಯ ಹೊತ್ತು ಮೀರುತ್ತದೆ. ಆ ದಿನದ ಬಾಡಿಗೆ ಹೋಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಅದಕ್ಕೇ ಈ ಪಾಠ. ಕಾರು ಓಡಿಸುವವರು ಓದಬೇಕು. ಓಡಿಸದವರೂ ಓದಬೇಕು. ಮನೆಯ ದುಡ್ಡು ಎಲ್ಲರದೂ ಅಲ್ಲವೇ?

ಸೆಲ್ಫ್ ಅಂದರೆ ಏನು?

ಎಂಜಿನ್ ತಾನಾಗಿ ತಿರುಗಲು ಶುರು ಮಾಡುವುದಿಲ್ಲ. ಮೊದಲು ಯಾರಾದರೂ ಅದನ್ನು ತಿರುಗಿಸಿ ಕೊಡಬೇಕು. ಹಿಂದೆ ಇದು ಕೈಯ ಕೆಲಸವಾಗಿತ್ತು. ಕಾರಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹೊಡೆಯುತ್ತಿದ್ದರು. ಹಳೆಯ ಲಾರಿಗಳಿಗೂ ಹಳೆಯ ಅಂಬಾಸಿಡರ್ ಕಾರುಗಳಿಗೂ ಹ್ಯಾಂಡಲ್ ಹಾಕುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ತಿರುಗಿ ಬಡಿಯುತ್ತಿತ್ತು. ಕೈ ಮುರಿಯುತ್ತಿತ್ತು.

ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಇದ್ದರು. ಅವರು ಮೊದಲು ಅಂಗಡಿಯ ದುಡ್ಡಿನ ಯಂತ್ರಕ್ಕೆ ಸಣ್ಣ ವಿದ್ಯುತ್ ಮೋಟಾರ್ ಕೂಡಿಸಿದ್ದರು. ಆಗ ಅವರಿಗೆ ಒಂದು ವಿಷಯ ತಿಳಿದಿತ್ತು. ಸಣ್ಣ ಮೋಟಾರ್ ಕೂಡ ಸ್ವಲ್ಪ ಹೊತ್ತು ಮಾತ್ರ ದೊಡ್ಡ ಶಕ್ತಿ ಕೊಡಬಲ್ಲದು. ಇದೇ ವಿಚಾರವನ್ನು ಅವರು ಕಾರಿಗೆ ತಂದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ವಿದ್ಯುತ್ ಸ್ಟಾರ್ಟರ್ ಬಂತು. ಹ್ಯಾಂಡಲ್ ಕೆಲಸ ತಪ್ಪಿತು. ಕಾರು ತಾನೇ ಏಳುತ್ತದೆ ಎಂದು ಅದಕ್ಕೆ ಸೆಲ್ಫ್ ಸ್ಟಾರ್ಟರ್ ಎಂದು ಹೆಸರಾಯಿತು. ನಾವು ಚಿಕ್ಕದಾಗಿ "ಸೆಲ್ಫ್" ಅನ್ನುತ್ತೇವೆ.

"ಸ್ವಲ್ಪ ಹೊತ್ತು ಮಾತ್ರ" ಎಂಬ ಮಾತನ್ನು ಮರೆಯಬಾರದು. ಇಂದಿಗೂ ಸೆಲ್ಫ್ ಮೋಟಾರಿನ ಗುಣ ಅದೇ. ಆದ್ದರಿಂದ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷ, ಒಂದು ನಿಮಿಷ ಬಿಡಬೇಕು. ಬಿಡದೆ ಹೊಡೆದರೆ ಮೋಟಾರ್ ಕಾದು ಸುಡುತ್ತದೆ. ಬ್ಯಾಟರಿಯೂ ಇಳಿಯುತ್ತದೆ.

ಒಳಗೆ ಯಾರ್ಯಾರು ಇದ್ದಾರೆ?

ಸದ್ದು ತಿಳಿಯಬೇಕಾದರೆ ಒಳಗಿನ ಭಾಗಗಳ ಪರಿಚಯ ಬೇಕು. ಬಹಳ ಇಲ್ಲ. ಆರು ಸಾಕು.

1. ಬ್ಯಾಟರಿ. ಇದು ಶಕ್ತಿಯ ಕಣಜ. ಕಾರಿನ ಬ್ಯಾಟರಿ 12 ವೋಲ್ಟಿನದು. ಒಂದು ಹೆಡ್‌ಲೈಟ್‌ಗೆ ಸುಮಾರು 5 ಆಂಪಿಯರ್ ಕರೆಂಟ್ ಸಾಕು. ಸೆಲ್ಫ್‌ಗೆ 100ಕ್ಕೂ ಹೆಚ್ಚು ಆಂಪಿಯರ್ ಬೇಕು. ಅದಕ್ಕೇ ಲೈಟ್ ಉರಿದರೂ ಸೆಲ್ಫ್ ತಿರುಗದೇ ಇರಬಹುದು. "ಲೈಟ್ ಹತ್ತೈತೆ, ಬ್ಯಾಟರಿ ಚೆನ್ನಾಗೈತೆ" ಎನ್ನುವ ಮಾತು ಪೂರ್ತಿ ನಿಜವಲ್ಲ.

2. ಸೊಲನಾಯ್ಡ್ ಸ್ವಿಚ್. ಇದು ಮೋಟಾರಿನ ಬೆನ್ನ ಮೇಲೆ ಕೂತಿರುವ ಸಣ್ಣ ಉರುಳೆ. ಕೀಲಿ ತಿರುಗಿಸಿದಾಗ ಇದು ಅಯಸ್ಕಾಂತವಾಗುತ್ತದೆ. ಎರಡು ಕೆಲಸ ಮಾಡುತ್ತದೆ. ಹಲ್ಲಿನ ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ಮೋಟಾರಿಗೆ ದೊಡ್ಡ ಕರೆಂಟ್ ಬಿಡುತ್ತದೆ. "ಟಕ್" ಎನ್ನುವುದು ಇದೇ.

3. ಆರ್ಮೇಚರ್. ಇದು ಮೋಟಾರಿನ ಒಳಗೆ ತಿರುಗುವ ಭಾಗ. ಎರಡು ತುದಿಯಲ್ಲಿ ಇದನ್ನು ಬುಶ್‌ಗಳು ಹಿಡಿದಿರುತ್ತವೆ.

4. ಕಾರ್ಬನ್. ಇವು ತಿರುಗುವ ಆರ್ಮೇಚರ್‌ಗೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡುಗಳು. ಉಜ್ಜಿ ಉಜ್ಜಿ ಸವೆಯುತ್ತವೆ.

5. ಬೆಂಡಿಕ್ಸ್. ಇದರ ತುದಿಯಲ್ಲಿ ಸಣ್ಣ ಹಲ್ಲಿನ ಚಕ್ರ ಇರುತ್ತದೆ. ಬೆಂಡಿಕ್ಸ್ ಎನ್ನುವುದು ವಿನ್ಸೆಂಟ್ ಬೆಂಡಿಕ್ಸ್ ಎಂಬ ಅಮೆರಿಕದವರ ಹೆಸರು. ಇಂದಿನ ಭಾಗ ಅವರು ಮಾಡಿದಂತೆ ಇಲ್ಲ. ಆದರೂ ಗ್ಯಾರೇಜಿನಲ್ಲಿ ಹೆಸರು ಉಳಿದಿದೆ. ಇದು ಒಂದು ಕಡೆಗೆ ಮಾತ್ರ ಬಿಗಿ ಹಿಡಿಯುತ್ತದೆ. ಸೈಕಲ್ ನೆನೆಸಿಕೊಳ್ಳಿ. ತುಳಿಯುವುದು ನಿಲ್ಲಿಸಿದರೂ ಹಿಂದಿನ ಗಾಲಿ ಓಡುತ್ತಲೇ ಇರುತ್ತದೆ. ಪೆಡಲ್ ಸುಮ್ಮನಿರುತ್ತದೆ. ಬೆಂಡಿಕ್ಸ್ ಕೂಡ ಹಾಗೆಯೇ. ಎಂಜಿನ್ ಎದ್ದು ಜೋರಾಗಿ ತಿರುಗಿದರೂ ಆ ವೇಗ ಮೋಟಾರಿಗೆ ಮುಟ್ಟಬಾರದು.

6. ರಿಂಗ್ ಗೇರ್. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ದೊಡ್ಡ ಚಕ್ರ ಇದೆ. ಅದರ ಅಂಚಿಗೆ ಹಲ್ಲಿನ ಉಂಗುರ ಇರುತ್ತದೆ. ಅದೇ ರಿಂಗ್ ಗೇರ್. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವುದನ್ನು ನೋಡಿದ್ದೀರಲ್ಲ? ಬಹಳಷ್ಟು ಗಾಡಿಗಳಲ್ಲಿ ರಿಂಗ್ ಗೇರನ್ನೂ ಹಾಗೆಯೇ ಕಾಯಿಸಿ ಕೂರಿಸುತ್ತಾರೆ. ತಣ್ಣಗಾದಾಗ ಬಿಗಿಯಾಗುತ್ತದೆ.

ಕೀಲಿ ತಿರುಗಿತು. ಸೊಲನಾಯ್ಡ್ "ಟಕ್" ಅಂದಿತು. ಬೆಂಡಿಕ್ಸ್ ಮುಂದೆ ಬಂತು. ಅದರ ಸಣ್ಣ ಚಕ್ರ ರಿಂಗ್ ಗೇರಿನ ಹಲ್ಲು ಹಿಡಿಯಿತು. ಮೋಟಾರ್ ತಿರುಗಿತು. ಎಂಜಿನ್ ಎದ್ದಿತು. ಕೀಲಿ ಬಿಟ್ಟೆವು. ಬೆಂಡಿಕ್ಸ್ ಹಿಂದೆ ಸರಿಯಿತು. ಇದಿಷ್ಟೇ ಕತೆ. ಈ ಕತೆಯಲ್ಲಿ ಎಲ್ಲಿ ತಡೆ ಬಂತು ಎಂದು ಸದ್ದು ತೋರಿಸುತ್ತದೆ.

ಮೊದಲು ಎಚ್ಚರಿಕೆ

ಬಾನೆಟ್ ಎತ್ತುವ ಮೊದಲು ಇದನ್ನು ಓದಿ.

ಗಾಡಿ ನ್ಯೂಟ್ರಲ್‌ನಲ್ಲಿ ಇರಲಿ. ಹ್ಯಾಂಡ್ ಬ್ರೇಕ್ ಎಳೆಯಿರಿ.

ಕೈಯ ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಸೆರಗು, ಟವೆಲ್, ಉದ್ದ ಕೂದಲು ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಬರಬಾರದು.

ಬ್ಯಾಟರಿ ಹತ್ತಿರ ಬೀಡಿ ಹಚ್ಚಬೇಡಿ. ಬ್ಯಾಟರಿಯಿಂದ ಬರುವ ಅನಿಲಕ್ಕೆ ಬೆಂಕಿ ಹತ್ತುತ್ತದೆ.

ತಂತಿ ಬಿಚ್ಚುವಾಗ ಮೊದಲು ಮೈನಸ್ ಬಿಚ್ಚಿ. ಹಾಕುವಾಗ ಮೈನಸ್ ಕೊನೆಗೆ ಹಾಕಿ. ಬ್ಯಾಟರಿಯ ಮೇಲೆ + ಮತ್ತು – ಗುರುತು ಇರುತ್ತದೆ. ಓದಿ ನೋಡಿ.

ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಜಾಕ್ ಜಾರಿದರೆ ಜೀವ ಹೋಗುತ್ತದೆ.

ಸ್ಕ್ರೂಡ್ರೈವರ್ ಇಟ್ಟು ಸೊಲನಾಯ್ಡ್‌ಗೆ ನೇರವಾಗಿ ಕರೆಂಟ್ ಕೊಡುವವರಿದ್ದಾರೆ. ನಾವು ಅದನ್ನು ಮಾಡಬಾರದು. ದೊಡ್ಡ ಕಿಡಿ ಹಾರುತ್ತದೆ. ಗಾಡಿ ಗೇರಿನಲ್ಲಿದ್ದರೆ ಮುಂದೆ ನುಗ್ಗುತ್ತದೆ.

ಆರು ಸದ್ದು, ಆರು ಅರ್ಥ

ಒಂದು: "ಟಿಕ್ ಟಿಕ್ ಟಿಕ್ ಟಿಕ್"

ಬೇಗ ಬೇಗ ಬರುವ ಸಣ್ಣ ಸದ್ದು ಇದು. ಎಂಜಿನ್ ತಿರುಗುವುದಿಲ್ಲ. ಹೊಲದ ಬೋರ್‌ವೆಲ್ ಮೋಟಾರ್ ನೆನೆಸಿಕೊಳ್ಳಿ. ವೋಲ್ಟೇಜ್ ಕಡಿಮೆ ಬಂದಾಗ ಸ್ಟಾರ್ಟರ್ ಡಬ್ಬಿ "ಟಕ ಟಕ" ಬಡಿದುಕೊಳ್ಳುತ್ತದಲ್ಲ? ಇದೂ ಅದೇ. ಸೊಲನಾಯ್ಡ್ ಹಿಡಿಯುತ್ತದೆ. ಮೋಟಾರ್ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ. ಸೊಲನಾಯ್ಡ್ ಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜ್ ಏರುತ್ತದೆ. ಮತ್ತೆ ಹಿಡಿಯುತ್ತದೆ.

ಇಲ್ಲಿ ಮೋಟಾರಿನ ಮೇಲೆ ಅನುಮಾನ ಬೇಡ. ಬ್ಯಾಟರಿ ಇಳಿದಿದೆ, ಇಲ್ಲವೇ ತಂತಿ ಸಡಿಲವಾಗಿದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆಯೇ ನೋಡಿ. ತಂತಿ ಬಿಚ್ಚಿ. ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ ತೊಳೆಯಿರಿ. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒರೆಸಿ ಒಣಗಿಸಿ. ಬಿಗಿಯಾಗಿ ಕಟ್ಟಿ. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಖರ್ಚು ಬರೀ ಸೋಡಾದ್ದು.

ಎರಡು: "ಟಕ್" ಒಂದೇ ಸಲ

ಗಟ್ಟಿಯಾಗಿ ಒಂದು "ಟಕ್". ಆಮೇಲೆ ಸುಮ್ಮನೆ. ಇಲ್ಲಿ ಲೈಟ್ ಪರೀಕ್ಷೆ ಮಾಡಬೇಕು. ಹೆಡ್‌ಲೈಟ್ ಹಚ್ಚಿ. ಎದುರಿಗೆ ಗೋಡೆ ಇರಲಿ. ಕೀಲಿ ತಿರುಗಿಸಿ. ಬೆಳಕು ನೋಡಿ. ಕೆಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ತಾನೇ ಆರುತ್ತದೆ. ಅಂಥ ಕಾರಿನಲ್ಲಿ ಒಳಗಿನ ದೀಪ ನೋಡಿ.

ಬೆಳಕು ತೀರಾ ಮಂಕಾದರೆ ಬ್ಯಾಟರಿ ಅಥವಾ ತಂತಿಯ ದೋಷ. ಮೋಟಾರ್ ಸಿಕ್ಕಿಹಾಕಿಕೊಂಡಿದ್ದರೂ ಹೀಗೆ ಆಗಬಹುದು. ಬೆಳಕು ಹಾಗೆಯೇ ಇದ್ದರೆ ಕರೆಂಟ್ ಮೋಟಾರಿನ ಒಳಗೆ ಹೋಗುತ್ತಿಲ್ಲ. ಸೊಲನಾಯ್ಡ್ ಒಳಗಿನ ತಾಮ್ರ ಸುಟ್ಟಿರಬಹುದು. ಕಾರ್ಬನ್ ಸವೆದಿರಬಹುದು. ಎರಡನ್ನೂ ಬೇರೆಯಾಗಿ ಬದಲಿಸಬಹುದು. ಇಡೀ ಮೋಟಾರ್ ಬೇಕಾಗಿಲ್ಲ.

ಕೆಲವರು ಮೋಟಾರಿಗೆ ಸುತ್ತಿಗೆಯಿಂದ ಬಡಿಯುತ್ತಾರೆ. ಸವೆದ ಕಾರ್ಬನ್ ಅಲುಗಿ ಒಂದು ಸಲ ಗಾಡಿ ಎದ್ದೀತು. ಆದರೆ ಈಗಿನ ಹಲವು ಮೋಟಾರುಗಳಲ್ಲಿ ಒಳಗೆ ಅಯಸ್ಕಾಂತದ ಬಿಲ್ಲೆಗಳಿವೆ. ಬಡಿದರೆ ಅವು ಒಡೆಯುತ್ತವೆ. ಕಾರ್ಬನ್ನಿನ ಖರ್ಚು ಮೋಟಾರಿನ ಖರ್ಚಾಗುತ್ತದೆ.

ಮೂರು: "ಗುರ್... ಗುರ್... ಗುರ್"

ಎಂಜಿನ್ ತಿರುಗುತ್ತದೆ, ಆದರೆ ಭಾರವಾಗಿ ತಿರುಗುತ್ತದೆ. ಏರು ಹತ್ತುವ ಎತ್ತಿನಂತೆ ನರಳುತ್ತದೆ. ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10 ವೋಲ್ಟಿನ ಆಸುಪಾಸಿಗೆ ಇಳಿಯುವುದು ಸಹಜ. ಅದಕ್ಕಿಂತ ಬಹಳ ಕೆಳಗೆ ಹೋಗಬಾರದು. ಮೀಟರ್ ಇಟ್ಟು ತೋರಿಸಿ ಎಂದು ಬ್ಯಾಟರಿ ಅಂಗಡಿಯಲ್ಲಿ ಕೇಳಿ. ಅಂಕಿಯನ್ನು ನೀವೇ ಓದಿ.

ಬ್ಯಾಟರಿ ಸರಿ ಇದ್ದರೆ ಎಂಜಿನ್ನಿಗೆ ಹೋಗುವ ಅರ್ತ್ ತಂತಿ ನೋಡಿ. ಕೆಸರು, ತುಕ್ಕು ಹಿಡಿದಿರಬಹುದು. ಅದೂ ಸರಿ ಇದ್ದರೆ ಬುಶ್ ಸವೆದಿರಬಹುದು. ಬುಶ್ ಸವೆದರೆ ಆರ್ಮೇಚರ್ ಓರೆಯಾಗಿ ಒಳಗಿನ ಗೋಡೆಗೆ ಉಜ್ಜುತ್ತದೆ. ಬೇಗ ಬುಶ್ ಹಾಕಿಸಿದರೆ ಆರ್ಮೇಚರ್ ಉಳಿಯುತ್ತದೆ.

ಆರ್ಮೇಚರಿನ ತುದಿಯ ತಾಮ್ರ ಗೀರು ಬಿದ್ದಿದ್ದರೆ ಲೇತ್ ಮೇಲೆ ತೆಳ್ಳಗೆ ಕಡಿದು ನಯ ಮಾಡುತ್ತಾರೆ. ಲೇತ್ ನಮ್ಮ ಸೀಮೆಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿತು. ಲೇತ್ ಎನ್ನುವ ಮಾತು ಮಾತ್ರ ನಮ್ಮ ಜನರ ಬಾಯಲ್ಲಿ ಉಳಿದಿದೆ.

ನಾಲ್ಕು: "ಝುಂಯ್ಯ್..."

ಮೋಟಾರ್ ಜೋರಾಗಿ ತಿರುಗುವ ಸದ್ದು ಕೇಳುತ್ತದೆ. ಎಂಜಿನ್ ಮಾತ್ರ ಅಲುಗುವುದಿಲ್ಲ. ಚೈನ್ ಜಾರಿದ ಸೈಕಲ್ ತುಳಿದಂತೆ. ಬ್ಯಾಟರಿ ಚೆನ್ನಾಗಿದೆ. ಮೋಟಾರೂ ತಿರುಗುತ್ತಿದೆ. ಹಿಡಿತ ಇಲ್ಲ. ಬೆಂಡಿಕ್ಸ್ ಜಾರುತ್ತಿದೆ, ಇಲ್ಲವೇ ಮುಂದೆ ಬಂದು ಹಲ್ಲು ಹಿಡಿಯುತ್ತಿಲ್ಲ. ಮೋಟಾರ್ ಇಳಿಸಿ ಬೆಂಡಿಕ್ಸ್ ನೋಡಿಸಬೇಕು. ಇದಕ್ಕೆ ಹೊಸ ಬ್ಯಾಟರಿ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದಂತೆ.

ಐದು: "ಕರ್ರ್... ಕಟ ಕಟ"

ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು. ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ. ಈ ಸದ್ದನ್ನು ಒಂದು ದಿನವೂ ಬಿಡಬಾರದು.

ಮೊದಲು ಸೆಲ್ಫ್ ಮೋಟಾರ್ ಹಿಡಿದಿರುವ ಬೋಲ್ಟ್‌ಗಳು ಬಿಗಿಯಾಗಿವೆಯೇ ನೋಡಿಸಿ. ಬೋಲ್ಟ್ ಸಡಿಲವಾದರೆ ಮೋಟಾರ್ ಓರೆಯಾಗುತ್ತದೆ. ಹಲ್ಲಿಗೆ ಹಲ್ಲು ಸರಿಯಾಗಿ ಕೂಡುವುದಿಲ್ಲ. ಬೋಲ್ಟ್ ಸರಿ ಇದ್ದರೆ ಬೆಂಡಿಕ್ಸ್ ಚಕ್ರದ ಹಲ್ಲು ಸವೆದಿರಬಹುದು. ಅದು ಸವೆದರೆ ರಿಂಗ್ ಗೇರಿನ ಹಲ್ಲನ್ನೂ ತಿನ್ನುತ್ತದೆ.

ಈ ಸದ್ದು ದಿನವೂ ಬರದೆ, ಕೆಲವು ಸಲ ಮಾತ್ರ ಬರುತ್ತದೆಯೇ? ಅದಕ್ಕೂ ಕಾರಣ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಸಾಮಾನ್ಯವಾಗಿ ಎರಡು ಜಾಗಗಳಲ್ಲೇ ನಿಲ್ಲುತ್ತದೆ. ಆದ್ದರಿಂದ ರಿಂಗ್ ಗೇರಿನ ಅದೇ ಎರಡು ಜಾಗ ಹೆಚ್ಚು ಸವೆಯುತ್ತದೆ. ಸವೆದ ಜಾಗ ಎದುರಿಗೆ ಬಂದ ದಿನ ಸದ್ದು ಬರುತ್ತದೆ. ಪರೀಕ್ಷೆ ಹೀಗೆ ಮಾಡಿ. ಕೀಲಿ ಪೂರ್ತಿ ತೆಗೆಯಿರಿ. ಸಮ ನೆಲದಲ್ಲಿ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದು ಗೇಣು ಹಿಂದೆ ಮುಂದೆ ತಳ್ಳಿ. ಮತ್ತೆ ನ್ಯೂಟ್ರಲ್ ಮಾಡಿ, ಬ್ರೇಕ್ ಎಳೆದು, ಸೆಲ್ಫ್ ಹೊಡೆಯಿರಿ. ಈಗ ಸದ್ದಿಲ್ಲದೆ ಎದ್ದರೆ ರಿಂಗ್ ಗೇರ್ ಸವೆದಿರುವ ಅನುಮಾನ ಗಟ್ಟಿಯಾಯಿತು.

ಎಂಜಿನ್ ಓಡುತ್ತಿರುವಾಗಲೇ ಮರೆತು ಕೀಲಿ ತಿರುಗಿಸಿದರೂ ಇದೇ "ಕರ್ರ್" ಬರುತ್ತದೆ. ಅದು ರೋಗವಲ್ಲ, ಅಭ್ಯಾಸದ ದೋಷ. ಆದರೆ ಅದೇ ಮುಂದೆ ರೋಗಕ್ಕೆ ದಾರಿ.

ಆರು: ಎಂಜಿನ್ ಎದ್ದ ಮೇಲೂ "ಊಂಯ್ಯ್..."

ಎಂಜಿನ್ ಎದ್ದಿದೆ. ಕೀಲಿ ಬಿಟ್ಟಾಗಿದೆ. ಆದರೂ ಸೆಲ್ಫ್ ಕೂಗುತ್ತಲೇ ಇದೆ. ಅಂದರೆ ಬೆಂಡಿಕ್ಸ್ ಹಿಂದೆ ಸರಿದಿಲ್ಲ. ಸೊಲನಾಯ್ಡ್ ಅಂಟಿಕೊಂಡಿರಬಹುದು. ಸ್ಪ್ರಿಂಗ್ ಸೋತಿರಬಹುದು. ಕೀಲಿಯ ಸ್ವಿಚ್ ಹಿಂದಕ್ಕೆ ಬಾರದೆ ಇರಬಹುದು.

ಇದು ಎಲ್ಲಕ್ಕಿಂತ ಅಪಾಯದ ಸದ್ದು. ಕೂಡಲೇ ಎಂಜಿನ್ ನಿಲ್ಲಿಸಿ. ಎಂಜಿನ್ ನಿಂತರೂ ಮೋಟಾರ್ ತಿರುಗುತ್ತಿದ್ದರೆ ಬ್ಯಾಟರಿಯ ಮೈನಸ್ ತಂತಿ ತೆಗೆಯಬೇಕು. ಕಿಡಿ ಬರಬಹುದು, ಮುಖ ದೂರ ಇರಲಿ. ತಂತಿಯಿಂದ ಹೊಗೆ ಬರುತ್ತಿದ್ದರೆ ಕೈ ಹಾಕಬೇಡಿ. ಎಲ್ಲರೂ ದೂರ ಸರಿಯಿರಿ. ದುರಸ್ತಿ ಆಗುವ ತನಕ ಆ ಗಾಡಿ ಹತ್ತಬಾರದು.

ಸೆಲ್ಫ್ ಅಲ್ಲದ ಸದ್ದುಗಳು

ಎಲ್ಲ ಸದ್ದೂ ಸೆಲ್ಫಿನದಲ್ಲ. ಎಂಜಿನ್ ಎದ್ದ ಕೂಡಲೇ "ಕೀಂಯ್" ಎಂದು ಕಿರುಚಿ ನಿಂತರೆ ಅದು ಬಹುಪಾಲು ಬೆಲ್ಟ್. ಕೀಲಿ ಅರ್ಧ ತಿರುಗಿಸಿದಾಗ ಹಿಂದಿನಿಂದ ಎರಡು ಸೆಕೆಂಡ್ "ಝೂಂ" ಎಂದರೆ ಅದು ಪೆಟ್ರೋಲ್ ಪಂಪ್. ಅದು ಇರಬೇಕಾದ ಸದ್ದೇ. ಹೊಸ ಕಾರುಗಳ ಸೆಲ್ಫ್ ಸದ್ದು ಹಳೆಯ ಕಾರುಗಳಿಗಿಂತ ಸ್ವಲ್ಪ ತೀಕ್ಷ್ಣ. ಒಳಗೆ ಇನ್ನೊಂದು ಜೊತೆ ಹಲ್ಲಿನ ಚಕ್ರ ಇರುವುದು ಅದಕ್ಕೆ ಕಾರಣ. ಪೂರ್ತಿ ಬ್ಯಾಟರಿಯ ಮೇಲೆ ಓಡುವ ಎಲೆಕ್ಟ್ರಿಕ್ ಕಾರಿಗೆ ಸೆಲ್ಫ್ ಮೋಟಾರೇ ಇಲ್ಲ.

ಆದ್ದರಿಂದ ಗಾಡಿ ಚೆನ್ನಾಗಿರುವಾಗಲೇ ಅದರ ಸದ್ದು ಕೇಳಿ ಇಟ್ಟುಕೊಳ್ಳಿ. ಮಗುವಿನ ನಗು ಬಲ್ಲ ತಾಯಿಗೆ ಮಗುವಿನ ಅಳು ಬೇಗ ತಿಳಿಯುತ್ತದೆ.

ಒಂದು ಮಾತುಕತೆ ಓದೋಣ

ಗ್ಯಾರೇಜಿನಲ್ಲಿ ಒಬ್ಬ ಚಾಲಕ ಮತ್ತು ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಮಾತಾಡುತ್ತಿದ್ದಾರೆ ಎಂದು ಇಟ್ಟುಕೊಳ್ಳಿ.

"ಅಣ್ಣಾ, ಗಾಡಿ ಸೆಲ್ಫ್ ಹೋಗೈತೆ. ಹೊಸಾದು ಹಾಕಿಬಿಡ್ರಿ."

"ತಡಿ ತಮ್ಮಾ. ಹೆಂಗೆ ಸದ್ದು ಬರ್ತೈತೆ?"

"ಕರ್ರ್ ಅಂತೈತೆ ಅಣ್ಣಾ. ದಿನಾ ಅಲ್ಲ, ಒಂದೊಂದ್ಸಲ."

"ಎಷ್ಟು ದಿನ ಆತು?"

"ಎರಡು ತಿಂಗಳಾತು ನೋಡ್ರಿ. ಗಾಡಿ ಏಳ್ತಿತ್ತಲ್ಲ, ಅದಕ್ಕೆ ಬಿಟ್ಟಿದ್ದೆ."

"ಏಳ್ತೈತೆ ಅಂತ ಬಿಟ್ಟಿ. ಅಷ್ಟರಾಗೆ ರಿಂಗ್ ಹಲ್ಲು ತಿಂದಿರ್ತೈತೆ. ಮೋಟಾರ್ ಇಳಿಸಿ ನೋಡೋಣ. ಬೋಲ್ಟ್ ಸಡಿಲ ಇದ್ರೆ ಬಿಗಿ ಮಾಡಿದ್ರೆ ಆತು. ಬೆಂಡಿಕ್ಸ್ ಹೋಗಿದ್ರೆ ಬೆಂಡಿಕ್ಸ್ ಅಷ್ಟೇ ಹಾಕೋಣ. ರಿಂಗ್ ಹೋಗಿದ್ರೆ ಮಾತ್ರ ಗೇರ್ ಬಾಕ್ಸ್ ಇಳಿಸ್ಬೇಕು. ಅದು ದೊಡ್ಡ ಕೆಲ್ಸ."

"ಮೊದ್ಲೇ ಬಂದಿದ್ರೆ?"

"ಮೊದ್ಲೇ ಬಂದಿದ್ರೆ ಒಂದು ಪಾನಾ ಸಾಕಾಗ್ತಿತ್ತೋ ಏನೋ."

ಈ ಮಾತುಕತೆಯಲ್ಲಿ ಪಾಠದ ಸಾರವೇ ಇದೆ. ಸೆಲ್ಫ್ ಮೋಟಾರನ್ನು ಎರಡು ಮೂರು ಬೋಲ್ಟ್ ಬಿಚ್ಚಿ ಇಳಿಸಬಹುದು. ರಿಂಗ್ ಗೇರ್ ಮುಟ್ಟಬೇಕಾದರೆ ಗೇರ್ ಬಾಕ್ಸ್, ಕ್ಲಚ್ ಎಲ್ಲ ಬಿಚ್ಚಬೇಕು. ಗಾಡಿ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಸಾಮಾನಿನ ದುಡ್ಡು, ಕೂಲಿ, ನಿಂತ ದಿನಗಳ ಬಾಡಿಗೆ, ಎಲ್ಲ ಸೇರಿ ಹೊರೆಯಾಗುತ್ತದೆ. ಸಣ್ಣ ಸದ್ದು ಇರುವಾಗಲೇ ಹೋದರೆ ಸಣ್ಣ ಖರ್ಚು.

ದಾರಿಯಲ್ಲಿ ನಿಂತರೆ?

"ಟಿಕ್ ಟಿಕ್" ಅಂದು ನಿಂತರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಶಕ್ತಿ ಪಡೆಯಬಹುದು. ಅದೂ 12 ವೋಲ್ಟಿನದೇ ಆಗಿರಬೇಕು. ದಪ್ಪ ಜಂಪರ್ ತಂತಿ ಬೇಕು. ಕ್ರಮ ಹೀಗಿದೆ:

ಮೊದಲು ಕೆಂಪು ತಂತಿಯ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್‌ಗೆ.
ಎರಡನೆಯದು ಕೆಂಪು ತಂತಿಯ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ.
ಮೂರನೆಯದು ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ.
ಕೊನೆಗೆ ಕಪ್ಪು ತಂತಿಯ ಇನ್ನೊಂದು ತುದಿ ನಿಂತ ಗಾಡಿಯ ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ.

ಎದ್ದ ಮೇಲೆ ಇದೇ ಕ್ರಮವನ್ನು ತಿರುವು ಮುರುವು ಮಾಡಿ ತೆಗೆಯಿರಿ. ಪ್ಲಸ್ ಮೈನಸ್ ಅದಲು ಬದಲಾದರೆ ಗಾಡಿಯ ವಿದ್ಯುತ್ ಸಾಮಾನು ಸುಡುತ್ತದೆ. ಗುರುತು ಎರಡು ಸಲ ಓದಿ.

ತಳ್ಳಿ ಎಬ್ಬಿಸುವುದು ಕೈಯಿಂದ ಗೇರ್ ಹಾಕುವ ಗಾಡಿಗೆ ಮಾತ್ರ ಆಗುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರಿಗೆ ಆಗುವುದಿಲ್ಲ. ಕತ್ತಲಲ್ಲಿ, ವಾಹನ ಓಡಾಡುವ ರಸ್ತೆಯಲ್ಲಿ ತಳ್ಳಬೇಡಿ.

ರಾತ್ರಿ ಹೊತ್ತು ಬಸುರಿಯನ್ನೋ ರೋಗಿಯನ್ನೋ ದಾವಣಗೆರೆಗೆ ಒಯ್ಯಬೇಕಾದಾಗ ಗಾಡಿ ಏಳದಿದ್ದರೆ ಏನು ಮಾಡುವುದು? ಆಗ ಸದ್ದು ಕೇಳುತ್ತಾ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಿ. ಆರೋಗ್ಯ ಕವಚ ಎಂಬ ಈ ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರಲ್ಲಿ ಶುರುವಾಯಿತು. ಗಾಡಿ ಆಮೇಲೆ, ಜೀವ ಮೊದಲು.

ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿ

ನಾವು ಓದು ಬರಹ ಕಲಿತಿದ್ದೇವೆ. ಅದನ್ನು ಇಲ್ಲಿ ಬಳಸೋಣ. ಒಂದು ಸಣ್ಣ ಪುಸ್ತಕ ಗಾಡಿಯಲ್ಲಿ ಇಡಿ. ಹೀಗೆ ಬರೆಯಿರಿ:

ಸದ್ದು ಹೇಗೆ ಬಂತು?
ಯಾವಾಗ ಬಂತು? ಬೆಳಿಗ್ಗೆ ತಣ್ಣಗಿದ್ದಾಗಲೋ, ಓಡಿ ಕಾದ ಮೇಲೋ?
ದಿನವೂ ಬರುತ್ತದೆಯೋ, ಕೆಲವು ಸಲವೋ?
ಲೈಟ್ ಮಂಕಾಯಿತೋ, ಇಲ್ಲವೋ?
ಬ್ಯಾಟರಿ ಹಾಕಿಸಿ ಎಷ್ಟು ವರ್ಷ ಆಯಿತು?

ಈ ಚೀಟಿ ನೋಡಿದರೆ ಒಳ್ಳೆಯ ಕೆಲಸಗಾರನಿಗೆ ಅರ್ಧ ಕೆಲಸ ಮುಗಿದಂತೆ. ಬೇರೆ ತರದ ಕೆಲಸಗಾರನಿಗೆ, ಇವರಿಗೆ ಗೊತ್ತಿದೆ ಎಂದು ಗೊತ್ತಾಗುತ್ತದೆ.

ಗ್ಯಾರೇಜಿನಲ್ಲಿ ಮೂರು ಪ್ರಶ್ನೆ ಕೇಳಿ. "ಬ್ಯಾಟರಿ ಮತ್ತು ತಂತಿ ಮೊದಲು ನೋಡಿದಿರಾ?" "ಕೆಟ್ಟ ಭಾಗ ಮಾತ್ರ ಬದಲಿಸಬಹುದಾ?" "ಬಿಚ್ಚಿದ ಹಳೆಯ ಸಾಮಾನು ನಮಗೆ ಕೊಡುತ್ತೀರಾ?" ಕೇಳುವುದಕ್ಕೆ ನಾಚಿಕೆ ಬೇಡ. ಬಿಲ್ಲು ತೆಗೆದುಕೊಳ್ಳಿ. ಅದರಲ್ಲಿ ಯಾವ ಭಾಗದ ಹೆಸರು ಇದೆ ಎಂದು ಓದಿ. ಕಾರ್ಬನ್ ಹಾಕಿ ಆರ್ಮೇಚರ್ ಎಂದು ಬರೆದಿದ್ದರೆ ಈಗ ನಿಮಗೆ ತಿಳಿಯುತ್ತದೆ.

ನೆನಪಿಗೆ ಒಂದು ಪಟ್ಟಿ

ಟಿಕ್ ಟಿಕ್ ಟಿಕ್: ಬ್ಯಾಟರಿ, ಟರ್ಮಿನಲ್ ನೋಡಿ.
ಒಂದೇ ಟಕ್: ಲೈಟ್ ಪರೀಕ್ಷೆ ಮಾಡಿ. ಆಮೇಲೆ ಸೊಲನಾಯ್ಡ್, ಕಾರ್ಬನ್.
ಗುರ್ ಗುರ್: ಬ್ಯಾಟರಿ, ಅರ್ತ್ ತಂತಿ, ಬುಶ್.
ಝುಂಯ್: ಬೆಂಡಿಕ್ಸ್.
ಕರ್ರ್: ಬೋಲ್ಟ್, ಬೆಂಡಿಕ್ಸ್ ಹಲ್ಲು, ರಿಂಗ್ ಗೇರ್. ತಡ ಮಾಡಬೇಡಿ.
ಎದ್ದ ಮೇಲೂ ಊಂಯ್: ಕೂಡಲೇ ನಿಲ್ಲಿಸಿ.

ಈ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗಾಡಿಯಲ್ಲಿ ಇಟ್ಟುಕೊಳ್ಳಿ. ಓದು ಬಾರದ ಚಾಲಕ ಗೆಳೆಯರಿಗೆ ಓದಿ ಹೇಳಿ.

ಓದಿ, ಉತ್ತರ ಬರೆಯಿರಿ

1. ಒಮ್ಮೆಗೆ ಎಷ್ಟು ಸೆಕೆಂಡ್ ಸೆಲ್ಫ್ ಹೊಡೆಯಬಹುದು?
2. ಬ್ಯಾಟರಿಯ ತಂತಿ ಬಿಚ್ಚುವಾಗ ಮೊದಲು ಯಾವುದನ್ನು ಬಿಚ್ಚಬೇಕು?
3. ಲೈಟ್ ಉರಿಯುತ್ತಿದ್ದರೆ ಬ್ಯಾಟರಿ ಪೂರ್ತಿ ಚೆನ್ನಾಗಿದೆ ಎನ್ನಬಹುದೇ? ಏಕೆ?
4. "ಕರ್ರ್" ಸದ್ದನ್ನು ಎರಡು ತಿಂಗಳು ಬಿಟ್ಟರೆ ಏನಾಗಬಹುದು?
5. ನಿಮ್ಮ ಊರಿನ ಯಾವುದಾದರೂ ಗಾಡಿಯ ಸೆಲ್ಫ್ ಸದ್ದು ಕೇಳಿ. ಅದು ಹೇಗಿತ್ತು? ಎರಡು ಸಾಲು ಬರೆಯಿರಿ.